ಒಂದೇ ಕಾನೂನು, ಬೇರೆ ಬೇರೆ ಗಡಿಯಾರ

2014ರ ಸೆಪ್ಟೆಂಬರ್ 27, ಶನಿವಾರ. ಪರಪ್ಪನ ಅಗ್ರಹಾರದ ಕೇಂದ್ರ ಕಾರಾಗೃಹದ ಸುತ್ತಮುತ್ತ ಪೊಲೀಸರಿಲ್ಲದ ಮೂಲೆಯೇ ಇರಲಿಲ್ಲ. ಜೈಲಿನ ಆವರಣದೊಳಗಿನ ಗಾಂಧಿ ಭವನವನ್ನು ಅಂದಿನ ಮಟ್ಟಿಗೆ ನ್ಯಾಯಾಲಯವಾಗಿ ಮಾರ್ಪಡಿಸಿದ್ದರು. ತಮಿಳುನಾಡಿನ ಮುಖ್ಯಮಂತ್ರಿ ಜೆ. ಜಯಲಲಿತಾ ಚೆನ್ನೈಯಿಂದ ವಿಶೇಷ ವಿಮಾನದಲ್ಲಿ ಬಂದಿಳಿದು, ಬೆಂಗಾವಲು ವಾಹನಗಳ ಸಾಲಿನೊಂದಿಗೆ ಅಲ್ಲಿಗೆ ತಲುಪಿದರು. ವಿಶೇಷ ನ್ಯಾಯಾಧೀಶ ಜಾನ್ ಮೈಕೆಲ್ ಕುನ್ಹಾ ಆದಾಯ ಮೀರಿದ ಆಸ್ತಿ ಗಳಿಕೆಯ ಮೊಕದ್ದಮೆಯಲ್ಲಿ ಅವರನ್ನು ದೋಷಿ ಎಂದು ತೀರ್ಮಾನಿಸಿದರು. ಸಂಜೆಯ ಹೊತ್ತಿಗೆ ಶಿಕ್ಷೆಯೂ ಪ್ರಕಟವಾಯಿತು: ನಾಲ್ಕು ವರ್ಷ ಸೆರೆವಾಸ, 100 ಕೋಟಿ ರೂಪಾಯಿ ದಂಡ. ಬೆಳಗ್ಗೆ ಮುಖ್ಯಮಂತ್ರಿಯಾಗಿ ಒಳಗೆ ಕಾಲಿಟ್ಟವರು ರಾತ್ರಿ ಅದೇ ಕಾಂಪೌಂಡಿನೊಳಗೆ ಕೈದಿಯಾಗಿ ಉಳಿದರು.

ಮರುದಿನ ಹೋಟೆಲುಗಳಲ್ಲಿ, ಬಸ್ ನಿಲ್ದಾಣಗಳಲ್ಲಿ ಎರಡು ಬಗೆಯ ಮಾತು ಕೇಳಿಬಂದವು. ‘ನೋಡಿ, ಎಷ್ಟೇ ದೊಡ್ಡವರಾದರೂ ಕಾನೂನಿನಿಂದ ತಪ್ಪಿಸಿಕೊಳ್ಳಲಾಗದು’ ಎಂಬುದು ಒಂದು. ‘ಹದಿನೆಂಟು ವರ್ಷ ಬೇಕಾಯಿತಲ್ಲ ಸ್ವಾಮಿ, ನಮಗಾಗಿದ್ದರೆ ಹದಿನೆಂಟು ದಿನ ಬಿಡುತ್ತಿದ್ದರೇ?’ ಎಂಬುದು ಇನ್ನೊಂದು. ನನಗೆ ಎರಡೂ ನಿಜ ಎನಿಸುತ್ತದೆ. ಅವೆರಡೂ ಏಕಕಾಲಕ್ಕೆ ಹೇಗೆ ನಿಜವಾಗುತ್ತವೆ ಎಂಬುದನ್ನು ಬಿಡಿಸಿ ನೋಡಲು ಇದಕ್ಕಿಂತ ಒಳ್ಳೆಯ ಮೊಕದ್ದಮೆ ಸಿಗಲಿಕ್ಕಿಲ್ಲ. ಆರೋಪ ಹುಟ್ಟಿದ್ದು ಚೆನ್ನೈಯಲ್ಲಿ. ತೀರ್ಪು, ಮೇಲ್ಮನವಿ, ಜೈಲು ಎಲ್ಲವೂ ಬೆಂಗಳೂರಿನಲ್ಲಿ. ಹಾಗಾಗಿ ಕನ್ನಡ ಓದುಗರಿಗೆ ಇದು ಪರವೂರಿನ ಕಥೆಯೂ ಹೌದು, ಮನೆಯಂಗಳದ ಕಥೆಯೂ ಹೌದು.

ಮೊದಲು ಕಾನೂನಿನ ಪುಸ್ತಕದಲ್ಲಿ ಏನಿದೆ ಎಂಬುದನ್ನು ಬೇಗ ನೋಡಿಬಿಡೋಣ. ಸಂವಿಧಾನದ 14ನೇ ವಿಧಿ ಕಾನೂನಿನ ಮುಂದೆ ಎಲ್ಲರೂ ಸಮಾನರು ಎನ್ನುತ್ತದೆ. ಇದಕ್ಕೆ ಸಂವಿಧಾನವೇ ಮಾಡಿಕೊಂಡಿರುವ ದೊಡ್ಡ ವಿನಾಯಿತಿ 361ನೇ ವಿಧಿಯಲ್ಲಿದೆ: ರಾಷ್ಟ್ರಪತಿ ಮತ್ತು ರಾಜ್ಯಪಾಲರು ಹುದ್ದೆಯಲ್ಲಿರುವಷ್ಟು ಕಾಲ ಅವರ ಮೇಲೆ ಕ್ರಿಮಿನಲ್ ಮೊಕದ್ದಮೆ ಹೂಡುವಂತಿಲ್ಲ. ಪ್ರಧಾನಿ, ಮುಖ್ಯಮಂತ್ರಿ, ಮಂತ್ರಿಗಳ ಹೆಸರು ಆ ವಿಧಿಯಲ್ಲಿಲ್ಲ. ಸಂಸದರು ಮತ್ತು ಶಾಸಕರಿಗೆ ಸದನದೊಳಗಿನ ಮಾತು ಮತ್ತು ಮತದ ವಿಷಯದಲ್ಲಿ ರಕ್ಷಣೆ ಇದೆ. ಲಂಚ ಪಡೆದು ಮತ ಹಾಕಿದರೂ ಆ ರಕ್ಷಣೆ ಸಿಗುತ್ತದೆ ಎಂದು 1998ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಆ ವಿಚಿತ್ರ ತೀರ್ಪನ್ನು ಏಳು ನ್ಯಾಯಮೂರ್ತಿಗಳ ಪೀಠ 2024ರ ಮಾರ್ಚ್‌ನಲ್ಲಿ ತಳ್ಳಿಹಾಕಿತು. ಅಲ್ಲಿಗೆ ಪುಸ್ತಕ ಹೆಚ್ಚುಕಡಿಮೆ ಸರಿಯಾಗಿಯೇ ಇದೆ. ನಿಜವಾದ ಕಥೆ ಇರುವುದು ಮೊಕದ್ದಮೆ ನಡೆಯುವ ದಾರಿಯಲ್ಲಿ.

ಜಯಲಲಿತಾ 1991ರಿಂದ 1996ರವರೆಗೆ ಮೊದಲ ಬಾರಿ ಮುಖ್ಯಮಂತ್ರಿಯಾಗಿದ್ದರು. ಆಗ ಅವರು ತೆಗೆದುಕೊಳ್ಳುತ್ತಿದ್ದ ಸಂಬಳ ತಿಂಗಳಿಗೆ ಒಂದು ರೂಪಾಯಿ. ಆ ಅವಧಿ ಮುಗಿಯುವ ಹೊತ್ತಿಗೆ ಅವರು, ಅವರ ಆಪ್ತೆ ವಿ.ಕೆ. ಶಶಿಕಲಾ, ಶಶಿಕಲಾ ಅವರ ಬಂಧುಗಳಾದ ಇಳವರಸಿ ಮತ್ತು ವಿ.ಎನ್. ಸುಧಾಕರನ್ ಸೇರಿ ಆದಾಯಕ್ಕೆ ಹೊಂದದ 66 ಕೋಟಿ ರೂಪಾಯಿಗೂ ಹೆಚ್ಚಿನ ಆಸ್ತಿ ಮಾಡಿದ್ದಾರೆ ಎಂಬುದು ಆರೋಪ. 1996ರ ಜೂನ್‌ನಲ್ಲಿ ಜನತಾ ಪಕ್ಷದ ನಾಯಕ ಸುಬ್ರಮಣಿಯನ್ ಸ್ವಾಮಿ ಚೆನ್ನೈಯ ನ್ಯಾಯಾಲಯಕ್ಕೆ ದೂರು ಕೊಟ್ಟರು. ಚುನಾವಣೆಯಲ್ಲಿ ಸೋತು ಜಯಲಲಿತಾ ಅಧಿಕಾರ ಕಳೆದುಕೊಂಡಿದ್ದರು, ಎದುರಾಳಿ ಡಿಎಂಕೆ ಪಕ್ಷದ ಸರ್ಕಾರ ಬಂದಿತ್ತು. ಚೆನ್ನೈಯ ಪೋಯಸ್ ಗಾರ್ಡನ್ನಿನಲ್ಲಿದ್ದ ಜಯಲಲಿತಾ ಮನೆಯ ಶೋಧದಲ್ಲಿ ಕಿಲೋಗಟ್ಟಲೆ ಚಿನ್ನ, ಬೆಳ್ಳಿ, ಸಾವಿರಾರು ಸೀರೆ, ನೂರಾರು ಜೊತೆ ಚಪ್ಪಲಿ ಸಿಕ್ಕವು. 1997ರಲ್ಲಿ ದೋಷಾರೋಪ ಪಟ್ಟಿ ಸಲ್ಲಿಕೆಯಾಯಿತು.

ಇಲ್ಲೊಂದು ಮಾತು ಹೇಳಬೇಕು. ಆದಾಯ ಮೀರಿದ ಆಸ್ತಿಯ ಮೊಕದ್ದಮೆ ಲಂಚದ ಮೊಕದ್ದಮೆಗಿಂತ ಬೇರೆ. ಯಾರು ಕೊಟ್ಟರು, ಯಾವ ಕೆಲಸಕ್ಕೆ ಕೊಟ್ಟರು ಎಂದು ತೋರಿಸಬೇಕಿಲ್ಲ. ಅವಧಿಯ ಆರಂಭದಲ್ಲಿ ಎಷ್ಟಿತ್ತು, ನಡುವೆ ಎಷ್ಟು ಬಂತು, ಎಷ್ಟು ಖರ್ಚಾಯಿತು, ಕೊನೆಗೆ ಎಷ್ಟು ಉಳಿಯಿತು ಎಂದು ಕೂಡಿ ಕಳೆಯಬೇಕು. ಲೆಕ್ಕಕ್ಕೆ ಸಿಗದ ಬಾಕಿಗೆ ಅಧಿಕಾರದಲ್ಲಿದ್ದವರು ಸಮಾಧಾನಕರ ವಿವರಣೆ ಕೊಡಬೇಕು. ಅಂದರೆ ಇದು ಕೊನೆಗೂ ಒಂದು ಜಮಾ-ಖರ್ಚಿನ ಪುಸ್ತಕ. ಕೂಡುವ-ಕಳೆಯುವ ಈ ಕೆಲಸ ಮುಂದೆ ಎಲ್ಲಿ ಎಡವಿತು ಎಂಬುದು ಆಮೇಲೆ ಬರುತ್ತದೆ.

ವಿಚಾರಣೆ ಆರಂಭದಲ್ಲಿ ಚೆನ್ನಾಗಿಯೇ ನಡೆದಿತ್ತು. 250ಕ್ಕೂ ಹೆಚ್ಚು ಸಾಕ್ಷಿಗಳು ಕಟಕಟೆ ಹತ್ತಿ ಇಳಿದಿದ್ದರು. 2001ರ ಮೇ ತಿಂಗಳಲ್ಲಿ ಚುನಾವಣೆ ಬಂತು, ಜಯಲಲಿತಾ ಪಕ್ಷ ಗೆದ್ದಿತು. ಬೇರೊಂದು ಮೊಕದ್ದಮೆಯಲ್ಲಿ ಶಿಕ್ಷೆಯಾಗಿ ಅವರ ನಾಮಪತ್ರವೇ ತಿರಸ್ಕೃತವಾಗಿತ್ತು. ಆದರೂ ಅವರು ಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದರು. ಶಿಕ್ಷೆಗೊಳಗಾಗಿ ಅನರ್ಹರಾದವರು ಮುಖ್ಯಮಂತ್ರಿ ಆಗುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಅದೇ ವರ್ಷದ ಸೆಪ್ಟೆಂಬರ್ 21ರಂದು ಹೇಳಿದಾಗ ಇಳಿಯಬೇಕಾಯಿತು. ಹೈಕೋರ್ಟಿನಲ್ಲಿ ಆ ಶಿಕ್ಷೆ ರದ್ದಾದ ಮೇಲೆ 2002ರ ಮಾರ್ಚ್‌ನಲ್ಲಿ ಮತ್ತೆ ಅದೇ ಕುರ್ಚಿಯಲ್ಲಿ ಕುಳಿತರು.

ಈಗ ಸ್ಥಿತಿ ಹೇಗಿತ್ತು ನೋಡಿ. ಮೊಕದ್ದಮೆ ನಡೆಸುತ್ತಿದ್ದದ್ದು ತಮಿಳುನಾಡು ಸರ್ಕಾರ. ಆರೋಪಿ ಆ ಸರ್ಕಾರದ ಮುಖ್ಯಸ್ಥೆ. ತನಿಖೆ ಮಾಡಿದ ಪೊಲೀಸರು ಅವರ ಕೈಕೆಳಗಿನವರು. ಸರ್ಕಾರಿ ವಕೀಲರನ್ನು ನೇಮಿಸುವುದು ಅವರದೇ ಆಡಳಿತ. ಬೇಲಿಯೇ ಹೊಲ ಮೇಯುವ ಗಾದೆ ನಮಗೆಲ್ಲ ಗೊತ್ತು. ಇಲ್ಲಿ ಮೇಯ್ದದ್ದು ಹೌದೋ ಅಲ್ಲವೋ ಎಂದು ಹೇಳುವ ಕೆಲಸವನ್ನೂ ಬೇಲಿಗೇ ವಹಿಸಿದಂತಾಗಿತ್ತು.

ಆಮೇಲೆ ಆದದ್ದನ್ನು ಸುಪ್ರೀಂ ಕೋರ್ಟ್ ತನ್ನ 2003ರ ನವೆಂಬರ್ 18ರ ಆದೇಶದಲ್ಲಿ ಒಂದೊಂದಾಗಿ ದಾಖಲಿಸಿದೆ. ಈಗಾಗಲೇ ಸಾಕ್ಷ್ಯ ನುಡಿದಿದ್ದ 76 ಮಂದಿಯನ್ನು ಮತ್ತೆ ಪಾಟೀಸವಾಲಿಗೆ ಕರೆಸಲಾಯಿತು. ಅವರಲ್ಲಿ 64 ಮಂದಿ ತಮ್ಮ ಮೊದಲಿನ ಹೇಳಿಕೆಯಿಂದ ಹಿಂದೆ ಸರಿದರು. ಸಾಕ್ಷಿ ತಿರುಗಿಬಿದ್ದಾಗ ಸರ್ಕಾರಿ ವಕೀಲರು ಎದ್ದು ನಿಂತು, ಅವರನ್ನು ಪ್ರತಿಕೂಲ ಸಾಕ್ಷಿ ಎಂದು ಘೋಷಿಸಲು ಕೇಳಿ, ಮೊದಲು ಹೇಳಿದ್ದು ಸುಳ್ಳೋ ಈಗ ಹೇಳುತ್ತಿರುವುದು ಸುಳ್ಳೋ ಎಂದು ಜಾಲಾಡಬೇಕು. ಅದು ನಡೆಯಲಿಲ್ಲ. ಸಾಕ್ಷ್ಯಗಳೆಲ್ಲ ಮುಗಿದ ಮೇಲೆ ನ್ಯಾಯಾಧೀಶರು ಆರೋಪಿಯನ್ನೇ ಎದುರು ನಿಲ್ಲಿಸಿ ಪ್ರಶ್ನೆ ಕೇಳುವ ಒಂದು ಘಟ್ಟ ಇರುತ್ತದೆ. ಜಯಲಲಿತಾ ಅವರಿಗೆ ಆ ಹಾಜರಿಯಿಂದಲೂ ವಿನಾಯಿತಿ ಸಿಕ್ಕಿತು. ಪ್ರಶ್ನಾವಳಿಯೇ ಅವರ ಮನೆಗೆ ಹೋಯಿತು, ಉತ್ತರ ಅಲ್ಲಿಂದಲೇ ಬಂತು. ಸರ್ಕಾರಿ ವಕೀಲರು ಇದಕ್ಕೂ ತಕರಾರು ಮಾಡಲಿಲ್ಲ.

ನನಗೆ ಈ ಮೊಕದ್ದಮೆಯಲ್ಲಿ ಕೋಟಿಗಳ ಅಂಕಿಗಿಂತ ಹೆಚ್ಚು ಕಾಡುವುದು ಆ ಪ್ರಶ್ನಾವಳಿ. ನನ್ನ ಪರಿಚಯದ ಸಣ್ಣ ವ್ಯಾಪಾರಿಯೊಬ್ಬರು ಚೆಕ್ ಬೌನ್ಸ್ ಪ್ರಕರಣವೊಂದರಲ್ಲಿ ವರ್ಷಗಟ್ಟಲೆ ಕೋರ್ಟಿಗೆ ಅಲೆದರು. ತಾರೀಖು ಇದ್ದ ದಿನ ಅಂಗಡಿಗೆ ಬೀಗ. ಒಮ್ಮೆ ಜ್ವರವೆಂದು ಹೋಗದಿದ್ದುದಕ್ಕೆ ವಾರಂಟ್ ಹೊರಟಿತು. ಅದನ್ನು ರದ್ದು ಮಾಡಿಸಲು ಮತ್ತೊಂದು ದಿನ, ವಕೀಲರಿಗೆ ಮತ್ತೊಂದಿಷ್ಟು ದುಡ್ಡು. ಅವರ ವಿಷಯದಲ್ಲಿ ನ್ಯಾಯಾಲಯ ತಪ್ಪು ಮಾಡಿತು ಎಂದು ನಾನು ಹೇಳುತ್ತಿಲ್ಲ. ನಿಯಮ ಇರುವುದೇ ಹಾಗೆ. ಆ ನಿಯಮವೇ ಪೋಯಸ್ ಗಾರ್ಡನ್ನಿನ ಗೇಟಿನ ಬಳಿ ಚಪ್ಪಲಿ ಬಿಟ್ಟು ಒಳಗೆ ಹೋಯಿತು.

ಡಿಎಂಕೆಯ ಹಿರಿಯ ನಾಯಕ ಕೆ. ಅನ್ಬಳಗನ್ ಸುಪ್ರೀಂ ಕೋರ್ಟಿಗೆ ಹೋಗದಿದ್ದರೆ ಮೊಕದ್ದಮೆ ಚೆನ್ನೈಯಲ್ಲೇ ಸದ್ದಿಲ್ಲದೆ ಮುಗಿದುಹೋಗುತ್ತಿತ್ತು ಎಂದು ಊಹಿಸಲು ಹೆಚ್ಚು ಕಲ್ಪನೆ ಬೇಡ. ಸರ್ಕಾರಿ ವಕೀಲರು ಆರೋಪಿಗಳೊಂದಿಗೇ ಕೈಜೋಡಿಸಿದಂತೆ ಕಾಣುತ್ತದೆ ಎಂಬ ಅರ್ಥದ ಮಾತನ್ನು ಬರೆದು, ಸುಪ್ರೀಂ ಕೋರ್ಟ್ ವಿಚಾರಣೆಯನ್ನು ಬೆಂಗಳೂರಿಗೆ ವರ್ಗಾಯಿಸಿತು. ವಕೀಲರನ್ನು ನೇಮಿಸುವ ಅಧಿಕಾರ ಕರ್ನಾಟಕಕ್ಕೆ ಬಂತು.

ಬೆಂಗಳೂರಿಗೆ ಬಂದರೂ ಗಾಡಿ ಓಡಲಿಲ್ಲ. ತಮಿಳಿನಲ್ಲಿದ್ದ ಕಡತಗಳ ರಾಶಿ ಇಂಗ್ಲಿಷಿಗೆ ಬರಬೇಕಿತ್ತು. ಒಂದು ಅರ್ಜಿ ವಜಾ ಆದರೆ ಇನ್ನೊಂದು ಅರ್ಜಿ, ಅದರ ಮೇಲೊಂದು ಮೇಲ್ಮನವಿ. ನ್ಯಾಯಾಧೀಶರು ಬದಲಾದರು, ನಿವೃತ್ತರಾದರು. 2011ರ ಕೊನೆಯಲ್ಲಿ ಜಯಲಲಿತಾ ಖುದ್ದಾಗಿ ಬಂದು ಪ್ರಶ್ನೆಗಳಿಗೆ ಉತ್ತರಿಸಿದರು. ಈ ಸಲ ಮನೆಗೆ ಪ್ರಶ್ನಾವಳಿ ಹೋಗಲಿಲ್ಲ. ಕೇಳಿದ ಪ್ರಶ್ನೆಗಳು 1,339. ಆ ಹೊತ್ತಿಗೆ ಅವರು ಮತ್ತೆ ಮುಖ್ಯಮಂತ್ರಿಯಾಗಿದ್ದರು.

ಕರ್ನಾಟಕದ ಪರವಾಗಿ ವಿಶೇಷ ಸರ್ಕಾರಿ ವಕೀಲರಾಗಿದ್ದ ಹಿರಿಯ ನ್ಯಾಯವಾದಿ ಬಿ.ವಿ. ಆಚಾರ್ಯ 2012ರಲ್ಲಿ ಆ ಹೊಣೆಯಿಂದ ಹೊರಬಂದರು. ಅವರ ಜಾಗಕ್ಕೆ ಜಿ. ಭವಾನಿ ಸಿಂಗ್ ಬಂದರು. 2013ರಲ್ಲಿ ಕರ್ನಾಟಕ ಸರ್ಕಾರ ಭವಾನಿ ಸಿಂಗ್ ಅವರನ್ನು ಬದಲಿಸಲು ಹೊರಟಿತು. ಆಗ ಅವರನ್ನೇ ಮುಂದುವರಿಸಬೇಕು ಎಂದು ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದ್ದು ಯಾರು ಗೊತ್ತೇ? ಆರೋಪಿಗಳು. ತನ್ನನ್ನು ಜೈಲಿಗೆ ಕಳುಹಿಸಬೇಕೆಂದು ವಾದಿಸಬೇಕಾದ ವಕೀಲನೇ ಇರಲಿ ಎಂದು ಆರೋಪಿ ಹಟ ಹಿಡಿಯುವ ದೃಶ್ಯ ನ್ಯಾಯಾಲಯಗಳಲ್ಲಿ ದಿನವೂ ಕಾಣುವಂಥದ್ದಲ್ಲ. ಆರೋಪಿಗಳು ಅದರಲ್ಲಿ ಗೆದ್ದರು. ಬದಲಾವಣೆಯ ಆದೇಶ ರದ್ದಾಯಿತು. ಭವಾನಿ ಸಿಂಗ್ ಅವರೇ ಸರ್ಕಾರಿ ವಕೀಲರಾಗಿದ್ದಾಗ ಕುನ್ಹಾ ಶಿಕ್ಷೆ ವಿಧಿಸಿದರು ಎಂಬುದನ್ನೂ ಹೇಳಬೇಕು. ನ್ಯಾಯಾಧೀಶರು ಲೆಕ್ಕಹಾಕಿದಂತೆ ವಿವರಣೆ ಇಲ್ಲದ ಆಸ್ತಿ 53.60 ಕೋಟಿ ರೂಪಾಯಿ.

ಶಿಕ್ಷೆಯಾದ ಕ್ಷಣದಿಂದಲೇ ಜಯಲಲಿತಾ ಶಾಸಕಿಯಾಗಿ ಉಳಿಯಲಿಲ್ಲ, ಹಾಗಾಗಿ ಮುಖ್ಯಮಂತ್ರಿಯಾಗಿಯೂ ಉಳಿಯಲಿಲ್ಲ. ಇದಕ್ಕೆ ಕಾರಣ ಆ ತೀರ್ಪಿಗೆ ಒಂದು ವರ್ಷ ಮೊದಲು ಬಂದ ಇನ್ನೊಂದು ತೀರ್ಪು. ಎರಡು ವರ್ಷ ಅಥವಾ ಹೆಚ್ಚು ಶಿಕ್ಷೆಯಾದವರು ಅನರ್ಹರು ಎಂಬ ನಿಯಮ ಪ್ರಜಾಪ್ರತಿನಿಧಿ ಕಾಯ್ದೆಯಲ್ಲಿ ಮೊದಲೇ ಇತ್ತು. ಹಾಲಿ ಸಂಸದರು, ಶಾಸಕರು ಮಾತ್ರ ಮೂರು ತಿಂಗಳೊಳಗೆ ಮೇಲ್ಮನವಿ ಹಾಕಿದರೆ ಕುರ್ಚಿಯಲ್ಲೇ ಇರಬಹುದಿತ್ತು. ಚುನಾವಣೆಗೆ ನಿಲ್ಲಬೇಕೆಂದಿರುವ ಸಾಮಾನ್ಯನಿಗೆ ಈ ಸೌಲಭ್ಯ ಇರಲಿಲ್ಲ. 2013ರ ಜುಲೈ 10ರಂದು ಲಿಲಿ ಥಾಮಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಕಿಂಡಿಯನ್ನು ಮುಚ್ಚಿತು. ಕಾನೂನಿನ ಪುಸ್ತಕದಲ್ಲೇ ಬರೆದಿಟ್ಟಿದ್ದ ಅಸಮಾನತೆ ಅಳಿಸಿಹೋದ ಅಪರೂಪದ ಉದಾಹರಣೆ ಅದು. ಅಧಿಕಾರದಲ್ಲಿದ್ದಾಗಲೇ ಹೀಗೆ ಹುದ್ದೆ ಕಳೆದುಕೊಂಡ ಮೊದಲ ಮುಖ್ಯಮಂತ್ರಿ ಜಯಲಲಿತಾ.

ಜಾಮೀನಿಗೆ ಕರ್ನಾಟಕ ಹೈಕೋರ್ಟ್ ಒಪ್ಪಲಿಲ್ಲ. ಸುಪ್ರೀಂ ಕೋರ್ಟ್ ಅಕ್ಟೋಬರ್ 17ರಂದು ಕೊಟ್ಟಿತು. ಪರಪ್ಪನ ಅಗ್ರಹಾರದಲ್ಲಿ ಅವರು ಕಳೆದದ್ದು ಮೂರು ವಾರ. ಮೇಲ್ಮನವಿಯನ್ನು ಮೂರು ತಿಂಗಳಲ್ಲಿ ತೀರ್ಮಾನಿಸಿ ಎಂದು ಸುಪ್ರೀಂ ಕೋರ್ಟ್ ಹೈಕೋರ್ಟಿಗೆ ಸೂಚಿಸಿತು. ವಿಶೇಷ ಪೀಠ ರಚನೆಯಾಗಿ 2015ರ ಜನವರಿಯಿಂದ ದಿನವೂ ವಿಚಾರಣೆ ನಡೆಯಿತು. ವಿಚಾರಣಾ ನ್ಯಾಯಾಲಯದಲ್ಲಿ 17 ವರ್ಷ ತೆವಳಿದ ಮೊಕದ್ದಮೆ ಮೇಲ್ಮನವಿಯ ಹಂತದಲ್ಲಿ ಕೆಲವೇ ತಿಂಗಳಲ್ಲಿ ಮುಗಿಯಿತು. ಮನಸ್ಸು ಮಾಡಿದರೆ ವೇಗ ಬರುತ್ತದೆ. ಆದರೆ ಅದೇ ಜೈಲಿನಲ್ಲಿ ವರ್ಷಗಳಿಂದ ಮೇಲ್ಮನವಿಗೆ ಕಾದು ಕುಳಿತಿದ್ದ ಎಷ್ಟು ಮಂದಿಗೆ ವಿಶೇಷ ಪೀಠ ಸಿಕ್ಕಿತ್ತು?

ಮೇಲ್ಮನವಿಯಲ್ಲೂ ವಕೀಲರದೇ ತಾಪತ್ರಯ. ಹೈಕೋರ್ಟಿಗೆ ಭವಾನಿ ಸಿಂಗ್ ಅವರನ್ನು ನೇಮಿಸಿದ್ದು ತಮಿಳುನಾಡು ಸರ್ಕಾರ; ಅದಕ್ಕೆ ಆ ಅಧಿಕಾರವೇ ಇಲ್ಲ ಎಂದು ಸುಪ್ರೀಂ ಕೋರ್ಟ್ 2015ರ ಏಪ್ರಿಲ್ 27ರಂದು ಹೇಳಿತು. ಅಷ್ಟರಲ್ಲಿ ವಾದವೆಲ್ಲ ಮುಗಿದುಹೋಗಿತ್ತು. ಕರ್ನಾಟಕಕ್ಕೆ ಲಿಖಿತ ವಾದ ಸಲ್ಲಿಸಲು ಸಿಕ್ಕಿದ್ದು ಒಂದೇ ಒಂದು ದಿನ. ಆಚಾರ್ಯ ಮತ್ತೆ ಬಂದು, ಮೌಖಿಕ ವಾದಕ್ಕೆ ಅವಕಾಶವಿಲ್ಲದೆ, ಕೆಲವೇ ಪುಟಗಳಲ್ಲಿ ಹೇಳಬೇಕಾದ್ದನ್ನು ಬರೆದುಕೊಟ್ಟರು.

2015ರ ಮೇ 11ರಂದು ನ್ಯಾಯಮೂರ್ತಿ ಸಿ.ಆರ್. ಕುಮಾರಸ್ವಾಮಿ ನಾಲ್ವರನ್ನೂ ಖುಲಾಸೆ ಮಾಡಿದರು. ಜಮಾ-ಖರ್ಚಿನ ಪುಸ್ತಕ ಎಡವಿದ್ದು ಇಲ್ಲಿ. ಅವರ ಲೆಕ್ಕದಲ್ಲಿ ಆರೋಪಿಗಳ ಒಟ್ಟು ಆಸ್ತಿ 37.59 ಕೋಟಿ, ಒಟ್ಟು ಆದಾಯ 34.76 ಕೋಟಿ. ವ್ಯತ್ಯಾಸ 2.82 ಕೋಟಿ, ಅಂದರೆ ಆದಾಯದ ಶೇ 8.12. ಶೇ 10ರೊಳಗಿನ ವ್ಯತ್ಯಾಸವನ್ನು ಅಪರಾಧವೆಂದು ಎಣಿಸಬೇಕಿಲ್ಲ ಎಂಬ ಹಳೆಯ ತೀರ್ಪೊಂದರ ಆಧಾರದ ಮೇಲೆ ಬಿಡುಗಡೆ. ತೀರ್ಪಿನಲ್ಲಿ ಬ್ಯಾಂಕ್ ಸಾಲಗಳನ್ನು ಆದಾಯಕ್ಕೆ ಸೇರಿಸಿ ಒಂದು ಪಟ್ಟಿ ಕೊಟ್ಟಿದ್ದರು, ಕೆಳಗೆ ಮೊತ್ತ 24.17 ಕೋಟಿ ಎಂದಿತ್ತು. ತೀರ್ಪು ಕೈಗೆ ಬಂದ ಬೆನ್ನಲ್ಲೇ ಕೆಲವರು ಆ ಪಟ್ಟಿಯನ್ನು ಕೂಡಿ ನೋಡಿದರು. ಬಂದದ್ದು 10.67 ಕೋಟಿ. ಹದಿಮೂರೂವರೆ ಕೋಟಿ ರೂಪಾಯಿ ಎಲ್ಲಿಂದಲೋ ಬಂದು ಸೇರಿಕೊಂಡಿತ್ತು. ದಿನಸಿ ಅಂಗಡಿಯ ಚೀಟಿಯಲ್ಲಿ ಹತ್ತು ರೂಪಾಯಿ ಹೆಚ್ಚಾದರೂ ಮನೆಯವರು ವಾಪಸು ಹೋಗಿ ಕೇಳುತ್ತಾರೆ.

ಆ ಹದಿಮೂರೂವರೆ ಕೋಟಿಯನ್ನು ಆದಾಯದಿಂದ ತೆಗೆದು ನೋಡಿ. ಆದಾಯ 21.26 ಕೋಟಿಗೆ ಇಳಿಯುತ್ತದೆ, ವ್ಯತ್ಯಾಸ 16 ಕೋಟಿ ದಾಟುತ್ತದೆ, ಶೇ 8 ಇದ್ದದ್ದು ಶೇ 76ಕ್ಕೆ ಏರುತ್ತದೆ. ಉಳಿದ ಲೆಕ್ಕವನ್ನೆಲ್ಲ ಹೈಕೋರ್ಟ್ ಹೇಳಿದಂತೆಯೇ ಒಪ್ಪಿಕೊಂಡರೂ ಖುಲಾಸೆ ನಿಲ್ಲುವುದಿಲ್ಲ. ಆ ಕೂಡುವಿಕೆ ಕೈತಪ್ಪೇ ಇರಬಹುದು, ಅದರ ಹಿಂದೆ ಇನ್ನೇನನ್ನಾದರೂ ಕಾಣಲು ನನ್ನ ಬಳಿ ಆಧಾರವಿಲ್ಲ. ಆದರೆ ಆ ಕೈತಪ್ಪು ಸರಿಯಾಗಲು ಎಷ್ಟು ಕಾಲ ಹಿಡಿಯಿತು ಎಂಬುದೇ ಇಲ್ಲಿ ಮುಖ್ಯ. ಖುಲಾಸೆಯಾದ 12ನೇ ದಿನ ಜಯಲಲಿತಾ ಮತ್ತೆ ಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದರು. ಮುಂದಿನ ವರ್ಷದ ಚುನಾವಣೆಯನ್ನೂ ಗೆದ್ದರು. ಕರ್ನಾಟಕ ಮತ್ತು ಅನ್ಬಳಗನ್ ಸಲ್ಲಿಸಿದ ಮೇಲ್ಮನವಿಯ ವಾದ ಮುಗಿದು ಸುಪ್ರೀಂ ಕೋರ್ಟ್ ತೀರ್ಪು ಕಾಯ್ದಿರಿಸಿದ್ದು 2016ರ ಜೂನ್‌ನಲ್ಲಿ. ಡಿಸೆಂಬರ್ 5ರಂದು ಜಯಲಲಿತಾ ತೀರಿಕೊಂಡರು. ತೀರ್ಪು ಬಂದದ್ದು 2017ರ ಫೆಬ್ರುವರಿ 14ರಂದು: ಕುನ್ಹಾ ತೀರ್ಪು ಸರಿ, ಹೈಕೋರ್ಟಿನದು ತಪ್ಪು.

ಸತ್ತವರ ವಿರುದ್ಧ ಮೊಕದ್ದಮೆ ಮುಂದುವರಿಯುವುದಿಲ್ಲ. ಮೊದಲ ಆರೋಪಿಯ ಹೆಸರು ತೀರ್ಪಿನುದ್ದಕ್ಕೂ ಇದೆ, ಶಿಕ್ಷೆಯ ಭಾಗದಲ್ಲಿ ಇಲ್ಲ. 100 ಕೋಟಿ ದಂಡವನ್ನು ಅವರ ಆಸ್ತಿಯಿಂದ ವಸೂಲು ಮಾಡಲು ಕರ್ನಾಟಕ ಕೇಳಿಕೊಂಡರೂ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಉಳಿದ ಮೂವರು ಜೈಲಿಗೆ ಹೋದರು. ಅವರಲ್ಲಿ ಶಶಿಕಲಾ ಒಂಬತ್ತು ದಿನಗಳ ಹಿಂದಷ್ಟೇ ಶಾಸಕಾಂಗ ಪಕ್ಷದ ನಾಯಕಿಯಾಗಿ ಆಯ್ಕೆಯಾಗಿ, ಮುಖ್ಯಮಂತ್ರಿ ಕುರ್ಚಿಗೆ ಒಂದು ಹೆಜ್ಜೆ ದೂರದಲ್ಲಿದ್ದವರು. ಬೆಂಗಳೂರಿಗೆ ಹೊರಡುವ ಮುನ್ನ ಮರೀನಾದಲ್ಲಿ ಜಯಲಲಿತಾ ಸಮಾಧಿಯ ಮೇಲೆ ಮೂರು ಸಲ ಅಂಗೈಯಿಂದ ಬಡಿದು ಶಪಥ ಮಾಡಿದ ದೃಶ್ಯ ಅನೇಕರಿಗೆ ಈಗಲೂ ನೆನಪಿದೆ.

ಜೈಲಿನ ಗೋಡೆಯೊಳಗಾದರೂ ಸಮಾನತೆ ಇತ್ತೇ? ಅದೇ ವರ್ಷದ ಜುಲೈನಲ್ಲಿ ಕಾರಾಗೃಹ ಇಲಾಖೆಯ ಡಿಐಜಿ ಡಿ. ರೂಪಾ, ಶಶಿಕಲಾ ಅವರಿಗೆ ಪ್ರತ್ಯೇಕ ಅಡುಗೆಯೂ ಸೇರಿದಂತೆ ವಿಶೇಷ ಸೌಲಭ್ಯ ಸಿಗುತ್ತಿದೆ, ಇದರ ಹಿಂದೆ ಲಂಚದ ಮಾತೂ ಇದೆ ಎಂದು ವರದಿ ಕೊಟ್ಟರು. ಇಲಾಖೆಯ ಮೇಲಧಿಕಾರಿ ಆರೋಪವನ್ನು ನಿರಾಕರಿಸಿದರು. ಸರ್ಕಾರ ವಿಚಾರಣೆಗೆ ಆದೇಶಿಸಿತು. ಕೆಲವೇ ದಿನಗಳಲ್ಲಿ ರೂಪಾ ಅವರಿಗೆ ವರ್ಗಾವಣೆಯ ಆದೇಶ ಬಂತು. ಶಶಿಕಲಾ ಮಾತ್ರ ಅವಧಿ ಪೂರೈಸಿಯೇ 2021ರ ಜನವರಿಯಲ್ಲಿ ಹೊರಬಂದರು.

ಇಷ್ಟನ್ನು ಕೂಡಿಸಿ ನೋಡಿದರೆ ನನಗೆ ಕಾಣುವುದು ಇದು. ಕೊನೆಯ ತೀರ್ಪಿನಲ್ಲಿ ಅಸಮಾನತೆ ಇರಲಿಲ್ಲ. ಅದು ಇದ್ದದ್ದು ತಾರೀಖುಗಳಲ್ಲಿ, ಮತ್ತು ಸರ್ಕಾರಿ ವಕೀಲರ ಕುರ್ಚಿಯಲ್ಲಿ. ನಮ್ಮ ಜೈಲುಗಳಲ್ಲಿ ಇರುವವರಲ್ಲಿ ಸುಮಾರು ನಾಲ್ವರಲ್ಲಿ ಮೂವರು ಇನ್ನೂ ಅಪರಾಧ ಸಾಬೀತಾಗದ ವಿಚಾರಣಾಧೀನ ಕೈದಿಗಳು. ಜಾಮೀನಿಗೆ ಭದ್ರತೆ ಕೊಡಲಾಗದೆ ಒಳಗೇ ಉಳಿದವರೂ ಅವರಲ್ಲಿದ್ದಾರೆ. ಮೊಕದ್ದಮೆ ಒಂದು ವರ್ಷ ಮುಂದೆ ಹೋದರೆ ಅಂಥವರಿಗೆ ಒಂದು ವರ್ಷದ ಶಿಕ್ಷೆ ತೀರ್ಪಿಗೆ ಮೊದಲೇ ಆದಂತೆ. ಹೊರಗಿದ್ದು ಚುನಾವಣೆ ಗೆಲ್ಲಬಲ್ಲವರಿಗೆ ಅದೇ ವಿಳಂಬ ಒಂದು ವರ್ಷದ ಅಧಿಕಾರ. ಇಬ್ಬರಿಗೂ ಒಂದೇ ಕಾಯ್ದೆ, ಒಂದೇ ಸೆಕ್ಷನ್, ಕೆಲವೊಮ್ಮೆ ಒಂದೇ ನ್ಯಾಯಾಲಯ.

ಇನ್ನೂ ಸಣ್ಣ ಹೋಲಿಕೆ ಬೇಕಾದರೆ ಸರ್ಕಾರಿ ಕಚೇರಿಗೆ ಬನ್ನಿ. ಗುಮಾಸ್ತನೊಬ್ಬ ಬಂಧನಕ್ಕೊಳಗಾಗಿ 48 ಗಂಟೆಗಿಂತ ಹೆಚ್ಚು ಕಾಲ ಒಳಗಿದ್ದರೆ ಸೇವಾ ನಿಯಮದ ಪ್ರಕಾರ ತಾನಾಗಿಯೇ ಅಮಾನತು. ಮಂತ್ರಿಗೆ ಅಂಥ ನಿಯಮ ಇಲ್ಲ. ದೆಹಲಿಯ ಮುಖ್ಯಮಂತ್ರಿಯಾಗಿದ್ದ ಅರವಿಂದ ಕೇಜ್ರಿವಾಲ್ 2024ರಲ್ಲಿ ಬಂಧನವಾದ ಮೇಲೂ ತಿಂಗಳುಗಟ್ಟಲೆ ಹುದ್ದೆಯಲ್ಲೇ ಇದ್ದರು. 30 ದಿನ ಸತತ ಬಂಧನದಲ್ಲಿದ್ದರೆ ಮಂತ್ರಿಸ್ಥಾನ ಹೋಗಬೇಕು ಎಂಬ ಸಂವಿಧಾನ ತಿದ್ದುಪಡಿ ಮಸೂದೆಯನ್ನು ಕೇಂದ್ರ ಸರ್ಕಾರ 2025ರ ಆಗಸ್ಟ್‌ನಲ್ಲಿ ಮಂಡಿಸಿತು. ಕೇಳಲು ನ್ಯಾಯವೇ. ಆದರೆ ಬಂಧಿಸುವ ಸಂಸ್ಥೆ ಯಾರ ಕೈಯಲ್ಲಿದೆ ಎಂಬ ಪ್ರಶ್ನೆ ಬಿಡದೆ ಹಿಂದೆ ಬರುತ್ತದೆ, ಏಕೆಂದರೆ ಇಲ್ಲಿ ತಪ್ಪು ಸಾಬೀತಾಗುವ ಮೊದಲೇ ಕುರ್ಚಿ ಹೋಗುತ್ತದೆ.

‘ಯಾರ ಕೈಯಲ್ಲಿದೆ’ ಎಂಬ ಈ ಪ್ರಶ್ನೆಯನ್ನು ಕರ್ನಾಟಕ ಎರಡು ಸಲ ಹತ್ತಿರದಿಂದ ಕಂಡಿದೆ. ಅಧಿಕಾರದಲ್ಲಿರುವವರ ಮೇಲೆ ಭ್ರಷ್ಟಾಚಾರದ ಮೊಕದ್ದಮೆ ನಡೆಸಲು ಪೂರ್ವಾನುಮತಿ ಬೇಕು. ಹುದ್ದೆಯಲ್ಲಿ ತೆಗೆದುಕೊಂಡ ತೀರ್ಮಾನದ ಬಗ್ಗೆ ತನಿಖೆ ಮಾಡಲೂ ಅನುಮತಿ ಬೇಕು ಎಂಬ 17ಎ ಸೆಕ್ಷನ್ ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ಸೇರಿತು. ತಮಾಷೆಯೆಂದರೆ, ಕೇಂದ್ರದ ಹಿರಿಯ ಅಧಿಕಾರಿಗಳಿಗೆ ಮಾತ್ರ ಇದ್ದ ಇಂಥದೇ ರಕ್ಷಣೆಯನ್ನು ಸಮಾನತೆಗೆ ವಿರುದ್ಧವೆಂದು ಸುಪ್ರೀಂ ಕೋರ್ಟ್ 2014ರಲ್ಲಿ ರದ್ದು ಮಾಡಿತ್ತು. ಸಂಸತ್ತು ಅದನ್ನು ಮೇಲಿನಿಂದ ಕೆಳಗಿನವರೆಗೆ ಎಲ್ಲ ಸರ್ಕಾರಿ ಸೇವಕರಿಗೂ ಹಂಚಿ ‘ಸಮಾನ’ ಮಾಡಿತು. ಅನುಮತಿಯ ಉದ್ದೇಶ ಕೆಟ್ಟದ್ದಲ್ಲ. ಪ್ರತಿ ಸಹಿಗೂ ಒಂದು ಪೊಲೀಸ್ ದೂರು ಬೀಳುವಂತಾದರೆ ಯಾವ ಅಧಿಕಾರಿಯೂ ಪೆನ್ನು ಎತ್ತುವುದಿಲ್ಲ. ತೊಂದರೆ ಇರುವುದು ಅನುಮತಿ ಕೊಡುವವರು ಯಾರು ಎಂಬಲ್ಲಿ. ಮುಖ್ಯಮಂತ್ರಿಯ ವಿಷಯದಲ್ಲಿ ಅದು ರಾಜ್ಯಪಾಲರು. ಅವರನ್ನು ಕಳುಹಿಸುವುದು ಕೇಂದ್ರ ಸರ್ಕಾರ.

2011ರ ಜನವರಿಯಲ್ಲಿ ರಾಜ್ಯಪಾಲ ಹಂಸರಾಜ್ ಭಾರದ್ವಾಜ್ ಅವರು ಬಿ.ಎಸ್. ಯಡಿಯೂರಪ್ಪ ವಿರುದ್ಧ ಮೊಕದ್ದಮೆಗೆ ಅನುಮತಿ ಕೊಟ್ಟರು. ಆಗ ಕೇಂದ್ರದಲ್ಲಿ ಕಾಂಗ್ರೆಸ್, ರಾಜ್ಯದಲ್ಲಿ ಬಿಜೆಪಿ. ಬಿಜೆಪಿ ರಾಜ್ಯ ಬಂದ್‌ಗೆ ಕರೆ ಕೊಟ್ಟಿತು. 2024ರ ಆಗಸ್ಟ್‌ನಲ್ಲಿ ರಾಜ್ಯಪಾಲ ಥಾವರ್‌ಚಂದ್ ಗೆಹಲೋತ್ ಅವರು ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರದ (ಮುಡಾ) ನಿವೇಶನಗಳ ವಿಷಯದಲ್ಲಿ ಸಿದ್ದರಾಮಯ್ಯ ವಿರುದ್ಧ ಅನುಮತಿ ಕೊಟ್ಟರು. ಈ ಸಲ ಕೇಂದ್ರದಲ್ಲಿ ಬಿಜೆಪಿ, ರಾಜ್ಯದಲ್ಲಿ ಕಾಂಗ್ರೆಸ್. ಕಾಂಗ್ರೆಸ್ಸಿನವರು ಬೀದಿಗಿಳಿದರು. ಭಾಷಣಗಳಲ್ಲಿ ಪಕ್ಷದ ಹೆಸರು ಅದಲುಬದಲು ಮಾಡಿದರೆ ಸಾಕಿತ್ತು, ಉಳಿದದ್ದೆಲ್ಲ ಅದೇ. ಸಿದ್ದರಾಮಯ್ಯ ಅವರ ಅರ್ಜಿಯನ್ನು ಹೈಕೋರ್ಟ್ ಸೆಪ್ಟೆಂಬರ್ 24ರಂದು ವಜಾ ಮಾಡಿತು. ತನಿಖೆ ನಡೆಸಿದ ಲೋಕಾಯುಕ್ತ ಪೊಲೀಸರು ಸಾಕಷ್ಟು ಸಾಕ್ಷ್ಯವಿಲ್ಲ ಎಂದು 2025ರ ಫೆಬ್ರುವರಿಯಲ್ಲಿ ಹೇಳಿದರು. ಯಡಿಯೂರಪ್ಪ 2011ರಲ್ಲಿ ಜೈಲು ಸೇರಿದರು, ಸಿಬಿಐ ಹೂಡಿದ್ದ ಮೊಕದ್ದಮೆಯಲ್ಲಿ 2016ರ ಅಕ್ಟೋಬರ್‌ನಲ್ಲಿ ಖುಲಾಸೆಯಾದರು. ಅನುಮತಿ ಸಿಕ್ಕಿತು ಎಂದರೆ ತಪ್ಪು ಸಾಬೀತಾಯಿತು ಎಂದಲ್ಲ. ಆದರೆ ಕೇಂದ್ರ ಮತ್ತು ರಾಜ್ಯ ಎರಡರಲ್ಲೂ ಒಂದೇ ಪಕ್ಷ ಇದ್ದಾಗ ಇಂಥ ಅನುಮತಿಯನ್ನು ನಿರೀಕ್ಷಿಸಬಹುದೇ ಎಂದು ಕೇಳಿಕೊಂಡರೆ ವ್ಯವಸ್ಥೆ ಎಲ್ಲಿ ಕುಂಟುತ್ತಿದೆ ಎಂಬುದು ಗೊತ್ತಾಗುತ್ತದೆ.

ಇನ್ನೊಂದು ಸುಲಭದ ದಾರಿಯೂ ಇದೆ: ಮೊಕದ್ದಮೆಯನ್ನೇ ಹಿಂತೆಗೆದುಕೊಳ್ಳುವುದು. 2020ರಲ್ಲಿ ಬಿಜೆಪಿ ಸರ್ಕಾರ ಸಚಿವರು, ಶಾಸಕರ ಹೆಸರಿದ್ದವುಗಳೂ ಸೇರಿ 61 ಮೊಕದ್ದಮೆಗಳನ್ನು ಕೈಬಿಡಲು ಆದೇಶಿಸಿತು. ಹೈಕೋರ್ಟ್ ಅದೇ ಡಿಸೆಂಬರ್‌ನಲ್ಲಿ ತಡೆಯೊಡ್ಡಿತು. 2024ರ ಅಕ್ಟೋಬರ್‌ನಲ್ಲಿ ಕಾಂಗ್ರೆಸ್ ಸರ್ಕಾರ 43 ಮೊಕದ್ದಮೆಗಳ ವಿಷಯದಲ್ಲಿ ಅದನ್ನೇ ಮಾಡಿತು. ಹೈಕೋರ್ಟ್ 2025ರ ಮೇ ತಿಂಗಳಲ್ಲಿ ಆ ಆದೇಶವನ್ನು ರದ್ದು ಮಾಡಿತು. ಹಿಂತೆಗೆತಕ್ಕೆ ಅರ್ಜಿ ಹಾಕುವವರು ಸರ್ಕಾರಿ ವಕೀಲರು. ಕಾನೂನಿನ ಪ್ರಕಾರ ಅವರು ಸ್ವಂತ ಬುದ್ಧಿಯಿಂದ ಯೋಚಿಸಬೇಕು, ಸಚಿವ ಸಂಪುಟ ಹೇಳಿದ್ದಕ್ಕೆ ಮೊಹರು ಒತ್ತುವಂತಿಲ್ಲ. ಸಂಸದರು, ಶಾಸಕರ ಮೇಲಿನ ಮೊಕದ್ದಮೆಯನ್ನು ಹೈಕೋರ್ಟಿನ ಒಪ್ಪಿಗೆ ಇಲ್ಲದೆ ಹಿಂಪಡೆಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2021ರ ಆಗಸ್ಟ್‌ನಲ್ಲಿ ಹೇಳಬೇಕಾಯಿತು.

ಸಮಾನತೆಗೆ ಇನ್ನೊಂದು ಅಂಚೂ ಇದೆ, ಅದನ್ನು ಮರೆಯಬಾರದು. ದೊಡ್ಡವರೆಂಬ ಕಾರಣಕ್ಕೆ ರಿಯಾಯಿತಿ ಕೊಡಬಾರದು ಎಂಬಷ್ಟೇ, ದೊಡ್ಡವರೆಂಬ ಕಾರಣಕ್ಕೆ ಹಕ್ಕು ಕಿತ್ತುಕೊಳ್ಳಲೂಬಾರದು. ಮಹಾರಾಷ್ಟ್ರದ ಮುಖ್ಯಮಂತ್ರಿಯಾಗಿದ್ದ ಎ.ಆರ್. ಅಂತುಳೆ ವಿರುದ್ಧದ ಭ್ರಷ್ಟಾಚಾರ ಮೊಕದ್ದಮೆ ಬೇಗ ಮುಗಿಯಲಿ ಎಂದು ಸುಪ್ರೀಂ ಕೋರ್ಟ್ 1984ರಲ್ಲಿ ಅದನ್ನು ವಿಶೇಷ ನ್ಯಾಯಾಧೀಶರಿಂದ ತೆಗೆದು ನೇರವಾಗಿ ಹೈಕೋರ್ಟಿಗೆ ಕೊಟ್ಟಿತು. ಹಾಗೆ ಮಾಡಿದ್ದರಿಂದ ಇತರ ಆರೋಪಿಗಳಿಗೆ ಇರುವ ಒಂದು ಮೇಲ್ಮನವಿಯ ಹಂತ ಅವರಿಗೆ ತಪ್ಪಿಹೋಯಿತು. 1988ರಲ್ಲಿ ಏಳು ನ್ಯಾಯಮೂರ್ತಿಗಳ ಪೀಠ ಬಹುಮತದಿಂದ ನ್ಯಾಯಾಲಯದ ಆ ಆದೇಶವೇ ತಪ್ಪು ಎಂದು ಒಪ್ಪಿಕೊಂಡಿತು. ಅಂತುಳೆ ಬಗ್ಗೆ ನಮಗೆ ಏನೇ ಅನಿಸಲಿ, ಆ ತೀರ್ಪು ಸರಿ. ನಮಗಾಗದ ರಾಜಕಾರಣಿಗೆ ಹಾಗೆ ಮಾಡಿದರೆ ಸರಿ ಎಂದು ಸಮರ್ಥಿಸುವವರು, ನಾಳೆ ತಮ್ಮ ನಾಯಕನಿಗೂ ಅದೇ ಅಳತೆ ಹಿಡಿದಾಗ ಹೌಹಾರುತ್ತಾರೆ.

ವೇಗವೂ ನ್ಯಾಯವೂ ಒಟ್ಟಿಗೆ ಸಾಧ್ಯವಿಲ್ಲ ಎಂದೇನಿಲ್ಲ. ಹಾಸನದ ಸಂಸದರಾಗಿದ್ದ ಪ್ರಜ್ವಲ್ ರೇವಣ್ಣ ರಾಜತಾಂತ್ರಿಕ ಪಾಸ್‌ಪೋರ್ಟ್ ಹಿಡಿದು 2024ರ ಏಪ್ರಿಲ್‌ನಲ್ಲಿ ಜರ್ಮನಿಗೆ ಹೋದಾಗ, ಇದು ಇಲ್ಲಿಗೇ ಮುಗಿಯಿತು ಎಂದುಕೊಂಡವರೇ ಹೆಚ್ಚು. ಮೇ 31ರಂದು ಹಿಂದಿರುಗಿದಾಗ ವಿಮಾನ ನಿಲ್ದಾಣದಲ್ಲೇ ಬಂಧನವಾಯಿತು. ಮನೆಗೆಲಸದ ಮಹಿಳೆಯ ಮೇಲಿನ ಅತ್ಯಾಚಾರದ ಮೊಕದ್ದಮೆಯಲ್ಲಿ 2025ರ ಆಗಸ್ಟ್ 2ರಂದು ಬೆಂಗಳೂರಿನ ಜನಪ್ರತಿನಿಧಿಗಳ ವಿಶೇಷ ನ್ಯಾಯಾಲಯ ಜೀವಾವಧಿ ಶಿಕ್ಷೆ ವಿಧಿಸಿತು. ಆ ಮಹಿಳೆಯ ಸೀರೆಯೇ ಮುಖ್ಯ ಸಾಕ್ಷ್ಯವಾಯಿತು. ಬಂಧನದಿಂದ ಶಿಕ್ಷೆಯವರೆಗೆ ಹಿಡಿದದ್ದು ಹದಿನಾಲ್ಕು ತಿಂಗಳು, ಆ ಅವಧಿಯುದ್ದಕ್ಕೂ ಆರೋಪಿ ಒಳಗೇ ಇದ್ದರು. ಸರ್ಕಾರಿ ವಕೀಲರನ್ನು ನೇಮಿಸುವ ಸರ್ಕಾರ ಆರೋಪಿಯ ಪಕ್ಷದ್ದಾಗಿರಲಿಲ್ಲ ಎಂಬುದನ್ನೂ ಇಲ್ಲಿ ಗಮನಿಸಬೇಕು.

ಜಯಲಲಿತಾ ಮೊಕದ್ದಮೆ ದಡ ಸೇರಿದ್ದಕ್ಕೂ ಕಾರಣ ಅದೇ. ಬಿಡದೆ ಬೆನ್ನುಹತ್ತಿದ ಒಬ್ಬ ರಾಜಕೀಯ ಎದುರಾಳಿ ಇದ್ದರು, ಮತ್ತು ಗೆದ್ದರೂ ಸೋತರೂ ಲಾಭ-ನಷ್ಟವಿಲ್ಲದ ಒಂದು ನೆರೆರಾಜ್ಯ ಇತ್ತು. ಎದುರಾಳಿಗೂ ಅದೇ ವ್ಯವಹಾರದಲ್ಲಿ ಪಾಲಿದ್ದರೆ ಸುಪ್ರೀಂ ಕೋರ್ಟಿನ ಬಾಗಿಲು ಯಾರು ತಟ್ಟುತ್ತಿದ್ದರು?

ಬೆಂಗಳೂರಿನ ನ್ಯಾಯಾಲಯದ ವಶದಲ್ಲಿದ್ದ ಜಯಲಲಿತಾ ಅವರ ಚಿನ್ನಾಭರಣಗಳು ತಮಿಳುನಾಡು ಸರ್ಕಾರಕ್ಕೆ ಹಸ್ತಾಂತರವಾದದ್ದು 2025ರ ಫೆಬ್ರುವರಿ ಮಧ್ಯದಲ್ಲಿ, ಸುಪ್ರೀಂ ಕೋರ್ಟ್ ತೀರ್ಪಿಗೆ ಸರಿಯಾಗಿ ಎಂಟು ವರ್ಷ ತುಂಬಿದಾಗ. ಅಧಿಕಾರಿಗಳು ಒಂದೊಂದೇ ಒಡವೆಯನ್ನು ತೆಗೆದು, ಪಟ್ಟಿಯೊಂದಿಗೆ ತಾಳೆ ನೋಡಿ, ಪೆಟ್ಟಿಗೆಗೆ ಹಾಕಿದರು. ಒಡ್ಯಾಣ, ಬಳೆ, ಸರ ಎಲ್ಲ ಸೇರಿ 27 ಕಿಲೋಗೂ ಹೆಚ್ಚು. ಮೊಕದ್ದಮೆಯನ್ನು ಇಲ್ಲಿಗೆ ತರಿಸಿದ್ದ ಅನ್ಬಳಗನ್ 2020ರಲ್ಲೇ ತೀರಿಕೊಂಡಿದ್ದರು. ಪೊಲೀಸ್ ಕಾವಲಿನಲ್ಲಿ ಪೆಟ್ಟಿಗೆಗಳು ಹೊಸೂರು ಗಡಿ ದಾಟಿ, ಮೊಕದ್ದಮೆ 2003ರಲ್ಲಿ ಬಂದ ದಾರಿಯಲ್ಲೇ ಹಿಂದಿರುಗಿದವು.